ದ್ಯಾಮವ್ವನ ಅಗ್ಗಿಷ್ಟಿಕೆ

ಗುಡಿಯ ಕಳಶಗಳಿಗೆ ಚಿನ್ನ ಹಚ್ಚುವವರ ಊರು ಹೊಳೆಯ ಮೇಲ್ದಂಡೆಯಲ್ಲಿತ್ತು. ರೇವಣಯ್ಯನವರ ಆಶ್ರಮ ಅದರ ಕೆಳಗೆ, ಹೊಳೆ ಹೊರಳುವ ಕಡೆ.

ಚಿನ್ನ ಹಚ್ಚಲು ಪಾದರಸ ಬೇಕು. ಚಿನ್ನವನ್ನು ಪಾದರಸದಲ್ಲಿ ಅರೆದು ತಾಮ್ರದ ಮೇಲೆ ಬಳಿಯುತ್ತಾರೆ. ಕಾಸಿದರೆ ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಪಾತ್ರೆ ತೊಳೆದ ನೀರು ಹೊಳೆಗೆ ಬಂದು ಬೀಳುತ್ತದೆ.

ಕೆಳಗಿನ ಹಳ್ಳಿಯಲ್ಲಿ ಜನರ ಒಸಡು ಬಾತುಕೊಳ್ಳುತ್ತಿತ್ತು. ಗಟ್ಟಿಮುಟ್ಟಾದವರ ಕೈಯೂ ನಡುಗುತ್ತಿತ್ತು.

ರೇವಣಯ್ಯನವರು ಮೇಲಿನ ಊರಿಗೆ ಹೋಗಿ ಕೈಮುಗಿದು ಕೇಳಿದರು. "ದೇವರ ಕೆಲಸ, ನಿಲ್ಲಿಸೋದು ಹೇಗೆ ಸ್ವಾಮಿ?" ಎಂದರು ಅಲ್ಲಿನವರು.

ರೇವಣಯ್ಯ ಜಗಳವಾಡದೆ ಹಿಂದಿರುಗಿ ಬಂದರು. ತೆಂಗಿನ ಚಿಪ್ಪು ಕೂಡಿಹಾಕಲು ಶುರುಮಾಡಿದರು.

ಚಿಪ್ಪನ್ನು ಮುಚ್ಚಿದ ಗಡಿಗೆಯಲ್ಲಿ ಸುಟ್ಟು ಇದ್ದಿಲು ಮಾಡಿದರು. ಕೆಂಡವಾಗಿರುವಾಗಲೇ ಅದಕ್ಕೆ ನೀರಿನ ಹಬೆ ಹಾಯಿಸಿದರು. ಆಮೇಲೆ ಗಂಧಕದ ಜೊತೆ ಬೇಯಿಸಿ, ತೊಳೆದು, ದನಕ್ಕೆ ನೀರಿಡುವಂಥ ಉದ್ದನೆಯ ಕಲ್ಲಿನ ದೋಣಿಗಳಲ್ಲಿ ತುಂಬಿದರು. ಹೊಳೆಯ ನೀರು ಒಂದು ದೋಣಿಯಿಂದ ಇನ್ನೊಂದಕ್ಕೆ ಇಳಿದು ಕೊನೆಯ ದೋಣಿಗೆ ಬರುವಾಗ ಕುಡಿಯುವ ನೀರಾಗಿರುತ್ತಿತ್ತು.

ಹಳ್ಳಿಯವರು ಕೊಡ ಹೊತ್ತು ಬಂದು ಅದನ್ನೇ ಒಯ್ಯತೊಡಗಿದರು. ಒಸಡುಗಳ ಬಾವು ಇಳಿಯಿತು.

ಬಂಕಣ್ಣ ಆಶ್ರಮಕ್ಕೆ ಬಂದದ್ದು ಆ ಕಾಲದಲ್ಲಿ. ಚುರುಕು ಕಣ್ಣಿನ, ಅವಸರದ ತರುಣ.

"ಏನು ಬೇಕಪ್ಪ?" ಎಂದು ಕೇಳಿದರು ರೇವಣಯ್ಯ.

"ತಾಮ್ರವನ್ನು ಚಿನ್ನ ಮಾಡುವ ವಿದ್ಯೆ ನಿಮಗೆ ಗೊತ್ತಂತೆ, ಗುರುಗಳೇ. ಅದು ಬೇಕು."

ರೇವಣಯ್ಯ ಮೂಲೆಯಲ್ಲಿದ್ದ ಚಿಪ್ಪಿನ ಬುಟ್ಟಿ ತೋರಿಸಿದರು. "ಮೊದಲು ಇದನ್ನು ಕರ್ರಗೆ ಮಾಡು."

ಬಂಕಣ್ಣ ನಕ್ಕ. ಆದರೆ ಬುಟ್ಟಿ ಎತ್ತಿಕೊಂಡ.

ಒಂದು ದಿನ ಕೇಳಿದ: "ಗುರುಗಳೇ, ನಾಲ್ಕು ಹಿಡಿ ಇದ್ದಿಲು ಇಷ್ಟು ನೀರಿನ ವಿಷ ಹೇಗೆ ಹಿಡಿಯುತ್ತದೆ? ಅದರೊಳಗೆ ಅಂಥದ್ದೇನಿದೆ?"

ರೇವಣಯ್ಯ ಒಣ ಇದ್ದಿಲಿನ ತುಂಡನ್ನು ಅವನ ಕೈಗಿಟ್ಟು, "ನೀರಿಗೆ ಹಾಕು" ಎಂದರು.

ತುಂಡು ಸಣ್ಣಗೆ ಸದ್ದು ಮಾಡಿತು. ಮೈತುಂಬ ಗುಳ್ಳೆ ಎದ್ದವು. ಬಹಳ ಹೊತ್ತು ಏಳುತ್ತಲೇ ಇದ್ದವು.

"ಗಾಳಿ ಬರುತ್ತಿದೆ."

"ಎಲ್ಲಿತ್ತು ಅದು?"

"ಒಳಗೆ. ತೂತುಗಳಲ್ಲಿ."

"ಕಣ್ಣಿಗೆ ಕಾಣುವ ತೂತಿನೊಳಗೆ ಕಾಣದ ತೂತುಗಳಿವೆ. ಅದರೊಳಗೆ ಇನ್ನೂ ಇವೆ. ಇಷ್ಟೇ ಇಷ್ಟು ತುಂಡಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ಅಂಗಳ ಸಾಲದು. ನೀನು ಒಳಗೆ ಏನಿದೆ ಅಂತ ಕೇಳಿದೆಯಲ್ಲ? ಜಾಗ ಇದೆ."

ಬಂಕಣ್ಣನಿಗೆ ಆ ಮಾತು ಹಿಡಿಸಿತು. ಅಂದಿನಿಂದ ಚಿನ್ನದ ಮಾತೆತ್ತಲಿಲ್ಲ. ಇದ್ದಿಲು ಸುಡುವುದರಲ್ಲಿ ಅವನ ಕೈ ಬಹು ಬೇಗ ಪಳಗಿತು. ರೇವಣಯ್ಯನವರು ಯಾರನ್ನೂ ಹೊಗಳುತ್ತಿರಲಿಲ್ಲ. ಅವನು ಸುಟ್ಟ ಇದ್ದಿಲನ್ನು ಮಾತ್ರ ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ.

ದೋಣಿಯ ಇದ್ದಿಲು ಕೆಲಕಾಲಕ್ಕೆ ತುಂಬಿಹೋಗುತ್ತಿತ್ತು. ಆಗ ಅದನ್ನು ತೆಗೆದು ಹೊಸದು ಹಾಕಬೇಕು. ತೆಗೆದದ್ದನ್ನು ಗುಡ್ಡದ ಮೇಲೆ ಸುಣ್ಣ ಗಿಲಾವು ಮಾಡಿದ ಗುಂಡಿಯಲ್ಲಿ ಹಾಕಿ ಮೇಲೆ ಜೇಡಿಮಣ್ಣು ಮೆತ್ತಬೇಕು.

"ಪೂರ್ತಿ ಹೂಳು. ಬೇರೆ ಯಾವುದಕ್ಕೂ ಬಳಸಬೇಡ" ಎಂದಿದ್ದರು ರೇವಣಯ್ಯ.

"ಯಾಕೆ, ಗುರುಗಳೇ?"

ಅದೇ ಹೊತ್ತಿಗೆ ಯಾರೋ ಜ್ವರದವನನ್ನು ಮಂಚದ ಮೇಲೆ ಹೊತ್ತು ತಂದರು. ರೇವಣಯ್ಯ ಏಳುತ್ತಾ, "ಹೇಳಿದಷ್ಟು ಮಾಡು" ಎಂದು ಅತ್ತ ಹೋದರು.

ಆ ಪ್ರಶ್ನೆ ಅಲ್ಲಿಗೇ ನಿಂತಿತು. ಅವನು ಮತ್ತೆ ಕೇಳಲಿಲ್ಲ. ಅವರೂ ಮತ್ತೆ ಹೇಳಲಿಲ್ಲ.

ಗುಡ್ಡದ ದಾರಿಯಲ್ಲಿ ದ್ಯಾಮವ್ವನ ಗುಡಿಸಲಿತ್ತು. ಗಂಡ ಹರಿಗೋಲು ನಡೆಸುತ್ತಿದ್ದ, ಹೊಳೆಯ ಪಾಲಾಗಿದ್ದ. ಅವಳು ಕೌದಿ ಹೊಲಿದು ಬದುಕುತ್ತಿದ್ದಳು. ಹಳೇ ಸೀರೆ, ಧೋತರ, ಕುಪ್ಪಸದ ಚೂರು ಏನೇ ತಂದುಕೊಟ್ಟರೂ ಅವನ್ನು ಪದರ ಪದರವಾಗಿ ಜೋಡಿಸಿ ಹೊಲಿಯುತ್ತಿದ್ದಳು. ಜೋಳದ ಕಾಳು ಸಾಲು ಇಟ್ಟ ಹಾಗೆ ಅವಳ ಹೊಲಿಗೆ. ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸು ಮೊದಲು ಮಲಗುತ್ತಿದ್ದದ್ದು ಅವಳ ಕೌದಿಯ ಮೇಲೆ.

ಮಾಗಿಯ ಚಳಿ ಆ ವರ್ಷ ಬಿರುಸಾಗಿತ್ತು. ಹೊರೆ ಹೊತ್ತು ಹೋಗುತ್ತಿದ್ದ ಬಂಕಣ್ಣನನ್ನು ಅವಳು ಬಾಗಿಲಲ್ಲೇ ನಿಲ್ಲಿಸಿದಳು.

"ತಮ್ಮಾ, ಆ ಇದ್ದಿಲು ಎಲ್ಲಿಗೆ ಒಯ್ಯಾಕ ಹತ್ತೀಯೋ?"

"ಹೂಳಾಕ, ಅವ್ವಾ."

"ಹೂಳಾಕ? ಸತ್ತದ್ದನ್ನ ಹೂಳ್ತಾರ. ಉರಿಯೋದನ್ನ ಯಾರಾರ ಹೂಳ್ತಾರೇನೋ?" ಅವಳು ಬೆರಳು ಚಾಚಿ ತೋರಿಸಿದಳು. ತುದಿಗಳು ಬಿಳಿಚಿ ಒಡೆದಿದ್ದವು. "ಚಳಿಗೆ ಸೂಜಿ ಹಿಡಿಯಾಕ ಬರವಲ್ದು. ಗುಡ್ಡದಾಗ ಒಂದು ಕಡ್ಡಿ ಸೌದಿ ಉಳಿದಿಲ್ಲ. ಒಂದು ಬುಟ್ಟಿ ಇಲ್ಲಿ ಸುರುವಿ ಹೋಗು."

ಬಂಕಣ್ಣ ಗುಡ್ಡದ ಕಡೆ ನೋಡಿದ. ಏರು ಕಡಿದಾಗಿತ್ತು. ಅವಳ ಬೆರಳು ನೋಡಿದ.

ಒಂದು ಬುಟ್ಟಿ ಸುರಿದ.

"ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು ದ್ಯಾಮವ್ವ.

ಇಳಿದು ಬರುವಾಗ ಬಂಕಣ್ಣನ ಮನಸ್ಸು ಹಗುರಾಗಿತ್ತು. ಇಷ್ಟು ದಿನ ಗುರುಗಳು ಹೇಳಿದ್ದನ್ನು ಮಾಡಿದ್ದ. ಇಂದು ತಾನೇ ಕಂಡುಕೊಂಡು ಒಂದು ಒಳ್ಳೆಯದು ಮಾಡಿದೆ ಎನ್ನಿಸಿತು.

ಆಶ್ರಮದಲ್ಲಿ ರೇವಣಯ್ಯ ಕೇಳಿದರು: "ಪೂರ್ತಿ ಹೂತೆಯಾ?"

"ಹೂತೆ."

ಅವರು ನಂಬಿದರು.

ಆ ಚಳಿಗಾಲವಿಡೀ ಹಾಗೇ ನಡೆಯಿತು. ಗುಂಡಿಗೆ ಹೋಗುವ ಇದ್ದಿಲಲ್ಲಿ ಒಂದು ಪಾಲು ದ್ಯಾಮವ್ವನ ಗುಡಿಸಲಿಗೆ ಹೋಯಿತು. ಬಿಸಿಲಿಗೆ ಒಣಗಿಸಿ, ಅಗ್ಗಿಷ್ಟಿಕೆ ತುಂಬಿ, ಗಾಳಿ ಬಾರದಂತೆ ಬಾಗಿಲಿಗೆ ಚಾಪೆ ಕಟ್ಟಿ, ಅವಳು ಅದರ ಪಕ್ಕ ಕೂತು ಹೊಲಿಯುತ್ತಿದ್ದಳು. ವಾಸನೆ ಬರುತ್ತದೆ ಎಂದು ಒಮ್ಮೆ ಹೇಳಿದಳು. "ಗಂಧಕದ್ದು, ಅವ್ವಾ" ಎಂದ ಬಂಕಣ್ಣ. "ಬೆಚ್ಚಗ ಇದ್ರ ಸಾಕು ಬಿಡು" ಎಂದಳು.

ಚಳಿ ಇಳಿಯುವ ಹೊತ್ತಿಗೆ ದ್ಯಾಮವ್ವ ಆಶ್ರಮಕ್ಕೆ ಬಂದಳು.

"ಅಜ್ಜಾರ, ನನಗ ಏನೋ ಆಗೇತ್ರಿ. ನಿದ್ದಿ ಬರವಲ್ದು. ಬಾಯಾಗ ತಾಮ್ರ ಕಚ್ಚಿದಂಗ ಆಗ್ತೈತಿ. ಸುಮ್ಮಸುಮ್ಮನ ಸಿಟ್ಟು ಬರ್ತೈತಿ, ಸುಮ್ಮಸುಮ್ಮನ ಅಳು ಬರ್ತೈತಿ." ಕೈ ಮುಂದೆ ಹಿಡಿದಳು. "ಇದನ್ನ ನೋಡ್ರಿ."

ಕೈ ನಡುಗುತ್ತಿತ್ತು.

ರೇವಣಯ್ಯ ಅವಳ ಒಸಡು ನೋಡಿದರು. ಬಾತಿತ್ತು.

"ಎಲ್ಲಿಯ ನೀರು ಕುಡೀತೀ, ತಾಯಿ?"

"ನಿಮ್ಮ ದೋಣೀದು. ಮತ್ಯಾವ ನೀರು ಕುಡಿಲಿ?"

"ಹೊಳೆ ನೀರು?"

"ಅಯ್ಯ, ಮುಟ್ಟಂಗಿಲ್ರಿ."

ರೇವಣಯ್ಯ ಎದ್ದು ದೋಣಿಗಳ ಕಡೆ ನೋಡಿದರು. ಆಮೇಲೆ ಬಂಕಣ್ಣನನ್ನು ಕರೆದರು. "ದೋಣಿ ಸೋತಿದೆ. ಇನ್ನು ಈ ನೀರು ಯಾರೂ ಕುಡಿಯಬಾರದು. ಹಳ್ಳಿಗೆ ಹೋಗಿ ಸಾರಿ ಬಾ."

ಬಂಕಣ್ಣ ಹೋಗಿ ಸಾರಿದ. ಹಳ್ಳಿಯ ಹೆಂಗಸರು ಗುಡ್ಡದ ಆಚೆಯ ಒರತೆಗೆ ಕೊಡ ಹೊತ್ತು ನಡೆಯತೊಡಗಿದರು. ಬಸುರಿಯರೂ ನಡೆದರು. ನಡೆಯಲಾರದವರು ಹೊಳೆ ನೀರನ್ನೇ ಕುಡಿದರು.

ರೇವಣಯ್ಯ ದೋಣಿಗಳನ್ನು ಬಿಚ್ಚಿದರು. ಇಳಿವಯಸ್ಸಿನಲ್ಲಿ ನೀರಲ್ಲಿ ನಿಂತು ಒಂದೊಂದೇ ಕಲ್ಲು ಸರಿಸಿ, ಬಿರುಕು ಹುಡುಕಿದರು. ಇದ್ದಿಲನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಗಂಧಕ ಕಡಿಮೆಯಾಯಿತೇ, ಹಬೆ ಸಾಲದಾಯಿತೇ ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

"ನಾನು ಎಲ್ಲೋ ತಪ್ಪಿದ್ದೇನೆ, ಬಂಕಣ್ಣ. ಎಲ್ಲಿ ಅಂತ ಕಾಣುತ್ತಿಲ್ಲ."

ಬಂಕಣ್ಣ ಅವರ ಜೊತೆ ಕಲ್ಲು ಎತ್ತಿದ. ಅವನಿಗೂ ಕಾಣಲಿಲ್ಲ. ಇದ್ದಿಲು ಹಿಡಿದದ್ದು ಇದ್ದಿಲಲ್ಲೇ ಮುಗಿಯಿತು ಎಂದೇ ಅವನು ತಿಳಿದಿದ್ದ.

ಒಂದು ಮಧ್ಯಾಹ್ನ ರೇವಣಯ್ಯ ದ್ಯಾಮವ್ವನಿಗೆ ಗಂಜಿ ಕಳಿಸಿದರು. ಬಂಕಣ್ಣ ಒಯ್ದ.

ಅವಳು ಅಗ್ಗಿಷ್ಟಿಕೆ ಮುಂದೆ ಕೂತಿದ್ದಳು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ದಾರ ಸೂಜಿಯ ಆ ಕಡೆ ಹೋಯಿತು, ಈ ಕಡೆ ಹೋಯಿತು, ಕಣ್ಣೊಳಗೆ ಮಾತ್ರ ಹೋಗಲಿಲ್ಲ.

"ಕೊಡು ಅವ್ವಾ, ನಾ ಪೋಣಿಸ್ತೀನಿ."

"ನೀ ಸುಮ್ಮನಿರು!" ಎಂದು ರೇಗಿದಳು. ಮರುಗಳಿಗೆಗೇ ಮೆತ್ತಗಾಗಿ, "ಬಾ, ಕೂಡು. ಇಲ್ಲೊಂದು ಚೋದ್ಯ ನೋಡು" ಎಂದು ಬೆಂಕಿಯ ಮೇಲಿನ ಗೂಡಿನಿಂದ ಹಿತ್ತಾಳೆ ಚೊಂಬು ತೆಗೆದುಕೊಟ್ಟಳು.

ಚೊಂಬಿನ ಒಂದು ಮಗ್ಗುಲು ಬೆಳ್ಳಗಾಗಿತ್ತು. ಬಂಕಣ್ಣ ಬೆರಳಿಂದ ಉಜ್ಜಿದ. ಉಜ್ಜಿದಷ್ಟೂ ಹೊಳೆಯಿತು.

"ಬೆಳ್ಳಿ ಆಗೇತಿ ನೋಡೋ!" ಎಂದಳು ದ್ಯಾಮವ್ವ. "ನಿನ್ನ ಇದ್ದಿಲಿನ ಪುಣ್ಯ."

ಹಿತ್ತಾಳೆಯನ್ನು ಬೆಳ್ಳಗೆ ಮಾಡುವುದು ಪಾದರಸ ಎಂದು ಬಂಕಣ್ಣನಿಗೆ ಗೊತ್ತಿತ್ತು. ಚಿನ್ನ ಹಚ್ಚುವವರ ಊರಲ್ಲಿ ಅವನು ಅದನ್ನು ಕಂಡಿದ್ದ.

ಅವನು ಅಗ್ಗಿಷ್ಟಿಕೆ ನೋಡಿದ. ಕಟ್ಟಿದ ಚಾಪೆ ನೋಡಿದ. ಅವಳ ಕೈ ನೋಡಿದ.

ಗಂಜಿ ಅಲ್ಲೇ ಇಟ್ಟು ಓಡಿದ.

ರೇವಣಯ್ಯ ಇನ್ನೂ ನೀರಲ್ಲೇ ಇದ್ದರು. ಬಂಕಣ್ಣ ದಂಡೆಯ ಮೇಲೆ ಕುಸಿದು ಕೂತ.

"ಗುರುಗಳೇ, ದೋಣಿ ಸೋತಿಲ್ಲ. ನಾನು ಹೂಳಲಿಲ್ಲ. ದ್ಯಾಮವ್ವನಿಗೆ ಕೊಟ್ಟೆ. ಅವಳು ಉರಿಸಿದಳು. ಚಳಿಗಾಲ ಪೂರ್ತಿ."

ರೇವಣಯ್ಯ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟರು.

"ಬೆಂಕಿ ಆರಿಸಿ ಬಂದೆಯಾ?"

ಬಂಕಣ್ಣ ತಲೆ ಎತ್ತಿದ. "ಇಲ್ಲ."

"ಮೊದಲು ಅದು."

ಇಬ್ಬರೂ ಓಡಿದರು. ರೇವಣಯ್ಯ ದಾರಿಯಲ್ಲಿ ಎಡವಿ ಬಿದ್ದು ಎದ್ದರು.

ಚಾಪೆ ಹರಿದು ತೆಗೆದರು. ದ್ಯಾಮವ್ವನನ್ನು ಹೊರಗೆ ಕೂರಿಸಿ, ಅಗ್ಗಿಷ್ಟಿಕೆಗೆ ಮಣ್ಣು ಮುಚ್ಚಿ ದೂರ ಒಯ್ದರು. ಉಳಿದ ಇದ್ದಿಲು, ಬೂದಿ, ನೆಲದ ಮಣ್ಣು, ಆ ಚೊಂಬು, ಎಲ್ಲವೂ ಗುಡ್ಡದ ಗುಂಡಿಗೆ ಹೋದವು. ಚೊಂಬು ಒಯ್ಯುವಾಗ ಅವಳು ಅತ್ತಳು. ಅದು ಗಂಡನ ಚೊಂಬು.

ಅವಳನ್ನು ಆಶ್ರಮದ ಪಡಸಾಲೆಗೆ ಕರೆತಂದರು. ರೇವಣಯ್ಯ ಅವಳ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಯಾವುದನ್ನೂ ಮುಚ್ಚಲಿಲ್ಲ.

ದ್ಯಾಮವ್ವ ಕೇಳಿದಳು: "ಕೈ ಬರ್ತಾವೇನ್ರಿ ಅಜ್ಜಾರ?"

"ನಡುಕ ಕಡಿಮೆ ಆಗಬಹುದು, ತಾಯಿ. ತುತ್ತು ಎತ್ತುತ್ತೀ. ನೀರು ಕುಡಿಯುತ್ತೀ."

"ಸೂಜಿ?"

ರೇವಣಯ್ಯ ಅವಳ ಕಣ್ಣಿಂದ ಕಣ್ಣು ತೆಗೆಯಲಿಲ್ಲ. "ಕಷ್ಟ."

ಅವಳು ಕಂಬದ ಹಿಂದೆ ನಿಂತಿದ್ದ ಬಂಕಣ್ಣನ ಕಡೆ ತಿರುಗಿದಳು. "ಗೊತ್ತಿತ್ತೇನೋ ನಿನಗ?"

"ಇಲ್ಲ, ಅವ್ವಾ. ನಿನಗೆ ಚಳಿ ಆಗ್ತಿತ್ತು, ಅದಕ್ಕ..."

"ಬೆಚ್ಚಗ ಇದ್ದೆನಲ್ಲೋ" ಎಂದಳು ಅವಳು. ಸಿಟ್ಟಿನಿಂದಲ್ಲ, ನೆನಪು ಮಾಡಿಕೊಳ್ಳುವವಳಂತೆ. "ಎಷ್ಟು ಬೆಚ್ಚಗ ಇದ್ದೆ. ದಿನಾ ನಿನ್ನ ಹೆಸರು ತಗೊಂಡು ಹರಸ್ತಿದ್ದೆ."

ಆಮೇಲೆ ಸಿಟ್ಟು ಬಂತು. "ನಿನ್ನ ಮಾರಿ ತೋರಿಸಬ್ಯಾಡ ನನಗ. ಹೋಗು!"

ದೋಣಿಗಳನ್ನು ಮತ್ತೆ ಕಟ್ಟಿದರು. ಹಳ್ಳಿಯವರು ಮತ್ತೆ ಕೊಡ ತಂದರು. ನಡುವೆ ಹೊಳೆ ನೀರು ಕುಡಿದ ಕೆಲವರ ಒಸಡು ಮತ್ತೆ ಬಾತಿತ್ತು. ಅವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಬಂಕಣ್ಣನಿಗೆ ಇನ್ನೂ ಭಾರವಾಯಿತು.

ಅವನು ಒಂದು ಸಂಜೆ ಗುರುವಿನ ಮುಂದೆ ಬಂದು ನಿಂತ. ಎದೆಯಲ್ಲಿದ್ದದ್ದು ಹೊರಗೆ ಬಂತು.

"ಯಾಕೆ ಅಂತ ನಾನು ಕೇಳಿದ್ದೆ, ಗುರುಗಳೇ. ನೀವು ಅಂದೇ ಹೇಳಿದ್ದರೆ..."

"ಹೌದು. ಬೆಂಕಿಗೆ ಬಿದ್ದರೆ ಹಿಡಿದದ್ದನ್ನೆಲ್ಲ ಬಿಡುತ್ತದೆ. ಇಷ್ಟೇ ಮಾತು. ಅಷ್ಟು ಹೇಳಿದ್ದರೆ ಅವಳ ಕೈ ಉಳಿಯುತ್ತಿತ್ತು. ಅದು ನನ್ನ ಪಾಲು. ನಾನು ಹೊರುತ್ತೇನೆ."

ಬಂಕಣ್ಣ ಕಾದ.

"ನನ್ನ ಪಾಲು?" ಎಂದು ಅವನೇ ಕೇಳಿದ.

"ಪೂರ್ತಿ ಹೂತೆಯಾ ಅಂತ ಕೇಳಿದೆ. ನೀನು ಹೂತೆ ಅಂದೆ. ಅಂದು ಇಲ್ಲ ಅಂದಿದ್ದರೆ ಒಂದೇ ಬುಟ್ಟಿಗೆ ಮುಗಿಯುತ್ತಿತ್ತು."

ಬಂಕಣ್ಣ ತೀರ್ಥಯಾತ್ರೆಗೆ ಹೋಗುತ್ತೇನೆಂದ. ಮಿಂದು ಪಾಪ ಕಳೆದುಕೊಂಡು ಬರುತ್ತೇನೆಂದ.

"ಹೋಗು. ದಾರಿಯಲ್ಲಿ ದ್ಯಾಮವ್ವನ ಗುಡಿಸಲು ಇದೆ. ಹೇಳಿ ಹೋಗು."

ಅವನು ಹೋದ. ದ್ಯಾಮವ್ವ ಆಗಲೇ ಗುಡಿಸಲಿಗೆ ಹಿಂದಿರುಗಿದ್ದಳು. ಬಾಗಿಲು ಮುಚ್ಚಿತ್ತು. ಹೊರಗೆ ನಿಂತ. ಒಳಗಿಂದ ಏನೋ ಬಿದ್ದ ಸದ್ದು. ಮತ್ತೆ ಅದೇ ಸದ್ದು. ಸೂಜಿಗಳಿಟ್ಟ ಡಬ್ಬಿ ಇರಬೇಕು. ಎತ್ತಿದಳು, ಬಿತ್ತು, ಎತ್ತಿದಳು.

ಯಾತ್ರೆಗೆ ಹೋಗಲಿಲ್ಲ. ಹಿಂದಿರುಗಿದ.

"ಮಾತಾಡಿಸಿದಳಾ?" ಎಂದರು ರೇವಣಯ್ಯ.

"ಬಾಗಿಲು ತಟ್ಟಲಿಲ್ಲ."

ಮರುದಿನ ಬೆಳಿಗ್ಗೆ ರೇವಣಯ್ಯ ತಾವೇ ಹೋಗಿ ಅವಳ ಕಟ್ಟೆಯ ಮೇಲೆ ಕೂತರು. ಅರ್ಧಕ್ಕೆ ನಿಂತ ಕೌದಿ ಕೇಳಿ ತೆಗೆದುಕೊಂಡು, ಹೊಲಿಯಲು ಶುರುಮಾಡಿದರು. ಇಡೀ ಬದುಕಿನಲ್ಲಿ ಅವರು ಸೂಜಿ ಹಿಡಿದವರಲ್ಲ.

ದ್ಯಾಮವ್ವ ಸ್ವಲ್ಪ ಹೊತ್ತು ತಾಳಿದಳು.

"ಅಜ್ಜಾರ, ಅದು ಹೊಲಿಗಿ ಅಲ್ರಿ. ಕೋಳಿ ಕೆದರಿದಂಗ ಐತಿ."

"ನನಗೆ ಬರುವುದು ಇಷ್ಟೇ, ತಾಯಿ. ಕಣ್ಣು ಚೆನ್ನಾಗಿರುವವನೊಬ್ಬ ಆಶ್ರಮದಲ್ಲಿದ್ದಾನೆ. ಅವನ ಮುಖ ನೋಡಬೇಡ. ಕೈ ನೋಡು."

ಅವಳು ಹೂಂ ಎನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ.

ಹಾಗೆ ಬಂಕಣ್ಣ ಅವಳ ಕಟ್ಟೆಗೆ ಹೋಗತೊಡಗಿದ. ಅವಳಿಗೆ ಬೆನ್ನು ಹಾಕಿ ಕೂರುತ್ತಿದ್ದ. ಅವಳು ಅವನ ಹೆಗಲ ಮೇಲಿಂದ ನೋಡಿ ಹೇಳುತ್ತಿದ್ದಳು: "ಬಿಗೀಬ್ಯಾಡ. ಸಡ್ಲ ಬಿಡು. ಆ ಕೆಂಪು ಚೂರು ಅಲ್ಲ, ಪಕ್ಕದ್ದು." ಅವಳು ಹೆಸರು ಹಿಡಿದು ಕರೆಯಲಿಲ್ಲ. ತಮ್ಮಾ ಎನ್ನಲಿಲ್ಲ.

ಇದ್ದಿಲಿನ ಹೊರೆ ಹೊರುವ ದಿನ ರೇವಣಯ್ಯ ತಾವೂ ಒಂದು ಬುಟ್ಟಿ ಎತ್ತಿಕೊಂಡು ಗುಡ್ಡ ಹತ್ತುತ್ತಿದ್ದರು.

"ನನ್ನ ಮೇಲೆ ನಂಬಿಕೆ ಹೋಯಿತೇ, ಗುರುಗಳೇ?"

"ಏರು ಕಡಿದು, ಹೊರೆ ಭಾರ. ಅದನ್ನು ನಾನು ಮೊದಲೇ ನೋಡಬೇಕಿತ್ತು."

ವರ್ಷಗಳು ಕಳೆದವು. ಬಂಕಣ್ಣನ ಹೊಲಿಗೆ ಜೋಳದ ಸಾಲಿನಂತಾಯಿತು. ಜನ ಕೌದಿ ಒಯ್ಯುವಾಗ ದ್ಯಾಮವ್ವನ ಹೆಸರನ್ನೇ ಹೇಳುತ್ತಿದ್ದರು. ಅವಳ ಒಲೆ ಉರಿಯಿತು. ಕೈಯ ನಡುಕ ಕಡಿಮೆಯಾಯಿತು; ನಿಲ್ಲಲಿಲ್ಲ.

ಒಂದನ್ನು ಮಾತ್ರ ಅವಳು ಅವನಿಗೆ ಬಿಟ್ಟುಕೊಡಲಿಲ್ಲ. ಪ್ರತಿ ಕೌದಿಯ ಕೊನೆಯ ಮೂಲೆ. ಅದರೊಳಗೆ ರೊಟ್ಟಿಯ ಒಂದು ಚೂರಿಟ್ಟು ಅವಳೇ ಹೊಲಿಯುತ್ತಿದ್ದಳು. "ಕೌದಿ ಹಸಿದು ಇರಬಾರದು" ಎನ್ನುತ್ತಿದ್ದಳು. ಒಂದು ಮೂಲೆಗೆ ಅರ್ಧ ದಿನ ಹಿಡಿಯುತ್ತಿತ್ತು. ಬೆರಳಿಗೆ ಚುಚ್ಚಿ ರಕ್ತ ಬರುತ್ತಿತ್ತು. ಬಂಕಣ್ಣ ಕೈ ಚಾಚಿದರೆ ಕೌದಿಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ಬೇಸಗೆಯಲ್ಲಿ ಅವಳು ಒಂದು ಕೌದಿ ಶುರುಮಾಡಿಸಿದಳು. "ಯಾರಿಗೆ, ಅವ್ವಾ?" ಎಂದು ಬಂಕಣ್ಣ ಕೇಳಿದ. ಅವಳು ಚೂರುಗಳನ್ನು ಬಹಳ ಹೊತ್ತು ಆರಿಸಿದಳು.

ಕೌದಿ ಮುಗಿಯುತ್ತ ಬಂತು. ಮೂಲೆಯೊಂದು ಉಳಿದಿತ್ತು. ಮರುದಿನ ಬೆಳಿಗ್ಗೆ ಬಂಕಣ್ಣ ಹೋದಾಗ ಬಾಗಿಲು ತೆರೆದಿತ್ತು. ದ್ಯಾಮವ್ವ ಗೋಡೆಗೆ ಒರಗಿ ಕೂತ ಹಾಗೇ ಹೋಗಿದ್ದಳು. ಕೈಗಳು ಮಡಿಲಲ್ಲಿ ಅಲುಗದೆ ಇದ್ದವು.

ಮಣ್ಣು ಮಾಡಿ ಬಂದ ಮೇಲೆ ಬಂಕಣ್ಣ ಆ ಕೌದಿ ತಂದು ರೇವಣಯ್ಯನವರ ಮುಂದೆ ಇಟ್ಟ. ಅವರಿಗೆ ಆಗ ಎದ್ದು ಕೂರುವುದೇ ಕಷ್ಟವಾಗಿತ್ತು.

"ಇದು ಯಾರದು ಅಂತ ಹೇಳದೇ ಹೋದಳು" ಎಂದ. "ಕೇಳಿಕೊಂಡು ಯಾರೂ ಬಂದಿಲ್ಲ. ಕ್ಷಮಿಸಿದೆ ಅಂತ ಒಂದು ದಿನವೂ ಅನ್ನಲಿಲ್ಲ, ಗುರುಗಳೇ. ಆ ಒಂದು ದಿನ ಬಿಟ್ಟರೆ ಬೈಯಲೂ ಇಲ್ಲ."

ರೇವಣಯ್ಯ ಕೌದಿಯ ಮೇಲೆ ಕೈಯಾಡಿಸಿದರು. ಹೊಲಿಯದ ಮೂಲೆಯ ಹತ್ತಿರ ಕೈ ನಿಂತಿತು. ಪದರಗಳು ಬಾಯಿ ಬಿಟ್ಟುಕೊಂಡಿದ್ದವು.

"ಈ ಮೂಲೆ ನಾನು ಹೊಲಿಯಲೇ?" ಎಂದ ಬಂಕಣ್ಣ.

"ಬೇಡ. ಅದು ಅವಳದು."

"ಹಾಗಾದರೆ ಇದನ್ನು ಏನು ಮಾಡಲಿ?"

"ಹೊದ್ದುಕೋ."

"ಮೂಲೆ ತೆರೆದಿದೆ, ಗುರುಗಳೇ. ಬಿಚ್ಚಿಕೊಳ್ಳುತ್ತದಲ್ಲ?"

"ಬಿಚ್ಚದ ಹಾಗೆ ನೋಡಿಕೊಂಡು ಹೊದ್ದುಕೋ."